ಸದ್ದಿಲ್ಲದ ಮನೆಗೆ ಸೈಲೆನ್ಸರ್ ಇಲ್ಲದ ಕಾರು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ಸಂಗತಿಗಳು ನಾನು ಬರೆದಂತೆಯೇ ನಡೆದಿರಲಿಕ್ಕಿಲ್ಲ. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನ ದಿನಗಳಿಂದಲೂ ಇದೆ. ಆದರೆ ಹೆದರಿದ ದಿನ ನಾನು ಬರೆಯುವುದಿಲ್ಲ, ಹೆದರಿಕೆ ಇಳಿದ ಮೇಲೆ ಬರೆಯುತ್ತೇನೆ. ಅಷ್ಟರೊಳಗೆ ಮನಸ್ಸು ನೆಂಟರು ಬರುವ ಮೊದಲು ಮನೆ ಗುಡಿಸಿದ ಹಾಗೆ ಎಲ್ಲವನ್ನೂ ಮೂಲೆಗೆ ತಳ್ಳಿ ಒಪ್ಪ ಮಾಡಿರುತ್ತದೆ. ಮೇಜರ್ ಸಾಹೇಬರು ನಮ್ಮ ಮನೆಗೆ ತಂದ ಕಾರನ್ನೇ ನೋಡಿ. ನನ್ನ ನೆನಪಿನಲ್ಲಿ ಅದು ಕೆಂಪು. ನಮ್ಮನೆಯವರು ನೀಲಿ ಎನ್ನುತ್ತಾರೆ. ನನ್ನ ತಮ್ಮ ಉಮೇಶನನ್ನು ಕೇಳಿದರೆ, ಬಣ್ಣ ಯಾರು ನೋಡಿದ್ರು ಅಕ್ಕ, ಎಂದುಬಿಟ್ಟ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು, ಸಾಕ್ಷಿಗಳು ಒಬ್ಬರನ್ನೊಬ್ಬರು ಒಪ್ಪದಿದ್ದಾಗ ಏನು ಮಾಡಬೇಕೆಂದು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಮನೆಯೊಳಗೆ ಅದು ಒಂದು ದಿನವೂ ಉಪಯೋಗಕ್ಕೆ ಬಂದಿಲ್ಲ.

ಉಮೇಶ ಸೈನ್ಯದಲ್ಲಿ ಮೆಕ್ಯಾನಿಕ್ ಆಗಿದ್ದ. ಉತ್ತರದ ಬೆಟ್ಟಗಳ ಕಡೆ ಒಂದು ಸ್ಫೋಟದಲ್ಲಿ ಭುಜ ಸುಟ್ಟುಕೊಂಡು, ಆಸ್ಪತ್ರೆಗಳಲ್ಲಿ ಬಹಳ ದಿನ ಕಳೆದು, ಕೊನೆಗೆ ಸೇವೆ ಬಿಟ್ಟು ಗೋಣಿಬೀಡಿನ ಹತ್ತಿರದ ನಮ್ಮ ಮನೆಗೆ ಬಂದ. ಭುಜ ವಾಸಿಯಾಗಿತ್ತು. ಆದರೆ ತಟ್ಟೆ ಬಿದ್ದರೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ, ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಥಟ್ಟನೆ ದೊಡ್ಡ ಸದ್ದಾಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಇಲ್ಲಿಯೂ ಒಂದು ತಕರಾರಿದೆ. ಡಾಕ್ಟರು 'ಸ್ವಲ್ಪ ದಿನ' ಎಂದರೆಂದು ನಮ್ಮನೆಯವರ ವಾದ. ಆ ಮಾತು ನನ್ನ ಕಿವಿಯಲ್ಲಿ ಇಲ್ಲವೇ ಇಲ್ಲ. ನಾನು ಹೆದರುವ ವಿಷಯದಲ್ಲಿ ಉದಾರಿ. ಯಾರಾದರೂ ಹಿಡಿಯಷ್ಟು ಕಾರಣ ಕೊಟ್ಟರೆ ಮೂಟೆಯಷ್ಟು ಹೆದರುತ್ತೇನೆ.

ಹೀಗೆ ನಮ್ಮ ಮನೆಯಿಂದ ಸದ್ದು ಹೊರಟುಹೋಯಿತು. ಮೊದಲು ಕುಕ್ಕರ್ ಅಟ್ಟ ಹತ್ತಿತು. ಪಾತ್ರೆಯಲ್ಲಿ ಅನ್ನ ಮಾಡಿ ಗಂಜಿ ಬಸಿಯತೊಡಗಿದೆ. ಕರೆಗಂಟೆಯ ಬ್ಯಾಟರಿ ತೆಗೆದೆ. ಅದರಿಂದಾಗಿ ಬಂದವರು ಬಾಗಿಲು ಬಡಿಯತೊಡಗಿದರು, ಅದು ಇನ್ನೂ ದೊಡ್ಡ ಸದ್ದು. ಆಮೇಲೆ ಬಾಗಿಲನ್ನೇ ಹಗಲಿಡೀ ತೆರೆದಿಟ್ಟೆ. ಉಮೇಶ ತೋಟದ ಕಡೆ ಹೋದಾಗ ಮಾತ್ರ ಮಿಕ್ಸಿ. ಬಾಳೆಗೊನೆಗೆ ಬರುವ ಮಂಗಗಳನ್ನು ಪಟಾಕಿ ಹೊಡೆದು ಓಡಿಸುವುದು ನಮ್ಮಲ್ಲಿ ರೂಢಿ. ನಾನು ಅದನ್ನು ನಿಲ್ಲಿಸಿ, ಟವೆಲ್ ಬೀಸುವುದು ಸಾಕು ಎಂದೆ. ಮಂಗಗಳು ಮೊದಲ ದಿನ ದೂರ ನಿಂತು ಟವೆಲನ್ನು ನೋಡಿದವು. ಎರಡನೆಯ ದಿನ ಗೊನೆಯನ್ನೂ ತಿಂದು ಟವೆಲನ್ನೂ ಒಯ್ದವು. ನಮ್ಮನೆಯವರ ಸೀನು ನಮ್ಮ ಬಳಗದಲ್ಲೇ ಹೆಸರಾದದ್ದು; ಮದುವೆ ಮನೆಯಲ್ಲಿ ಅವರು ಸೀನಿದರೆ ವಾಲಗದವರು ತಿರುಗಿ ನೋಡುತ್ತಾರೆ. ಪಾಪ, ಅವರು ಮೂಗು ಹಿಡಿದುಕೊಂಡು ಅಂಗಳ ದಾಟಿ, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಶೆಡ್ಡಿಗೆ ಓಡಿ ಸೀನಿ ಬರುತ್ತಿದ್ದರು. "ಇದು ಮನೆಯೋ, ಲೈಬ್ರರಿಯೋ ಮಾರಾಯ್ತಿ" ಎಂದು ಒಂದು ದಿನ ಕೇಳಿದರು. ಅದನ್ನೂ ಪಿಸುಮಾತಿನಲ್ಲೇ ಕೇಳಿದರು. ನಾವು ಮೂವರೂ ಎಷ್ಟು ಮೆಲ್ಲಗೆ ನಡೆಯುತ್ತಿದ್ದೆವೆಂದರೆ, ತಿರುವಿನಲ್ಲಿ ಎದುರಾಗಿ ಒಬ್ಬರಿಗೊಬ್ಬರು ಬೆಚ್ಚಿಬೀಳುವುದೇ ಹೆಚ್ಚಾಯಿತು.

ಇಷ್ಟಾದರೂ ಉಮೇಶ ಸುಧಾರಿಸಲಿಲ್ಲ. ಮಾತು ಕಡಿಮೆಯಾಯಿತು. ಹೊರಗೆ ನಿಂತ ಜೀಪಿನಲ್ಲಿ ಹೋಗಿ ಕೂರುತ್ತಿದ್ದ, ಕೀಲಿ ತಿರುಗಿಸುತ್ತಿರಲಿಲ್ಲ. ನಾನು ಕಿಟಕಿಯಿಂದ ನೋಡುತ್ತಾ, ಇನ್ನೂ ಎಲ್ಲಿಂದಲೋ ಸದ್ದು ಬರುತ್ತಿರಬೇಕು, ಅದನ್ನೂ ಹುಡುಕಿ ನಿಲ್ಲಿಸಬೇಕು ಎಂದುಕೊಳ್ಳುತ್ತಿದ್ದೆ. ಗೋಡೆ ಗಡಿಯಾರ ಕೂಡ ಹೋದದ್ದು ಆಗಲೇ.

ಅಂಥ ಮನೆಯ ಅಂಗಳಕ್ಕೆ ಒಂದು ಬೆಳಿಗ್ಗೆ ಆ ಕಾರು ಬಂತು. ಬಂತು ಎನ್ನುವುದಕ್ಕಿಂತ ಬಣಕಲ್ ಕಡೆಯಿಂದ ಅದು ಬರುತ್ತಿರುವುದು ಬಹಳ ಹೊತ್ತು ಕೇಳಿಸಿತು ಎನ್ನಬೇಕು. ಗುಂಡು ಹಾರಿಸಿದಂತೆ ಹಿಂದಿನಿಂದ ಫಟ್ ಫಟ್ ಎಂದು ಹೊಡೆಯುತ್ತಿತ್ತು. ನಾನು ಕೈಯಲ್ಲಿದ್ದ ಸೌಟಿನ ಸಮೇತ ಓಡಿ, ಎರಡೂ ಕೈ ಅಗಲಿಸಿ ದಾರಿಗೆ ಅಡ್ಡ ನಿಂತೆ. ಒಳಗಿನಿಂದ ಬಿಳಿ ಮೀಸೆಯ ಒಬ್ಬರು ಇಳಿದರು. ಸೈನ್ಯದಿಂದ ನಿವೃತ್ತರಾಗಿ ಬಣಕಲ್ ಆಚೆ ಕಾಫಿ ತೋಟ ಮಾಡಿಕೊಂಡಿರುವ ಮೇಜರ್ ಸಾಹೇಬರು. ಮಾಜಿ ಸೈನಿಕರನ್ನೇ ಸೇರಿಸಿಕೊಂಡು ಅವರೊಂದು ರ‍್ಯಾಲಿ ತಂಡ ಕಟ್ಟಿದ್ದಾರೆಂದು ಕೇಳಿದ್ದೆ. ಕೈಕಾಲು ಹೋದವರು, ನಿದ್ದೆ ಹೋದವರು, ಸುಮ್ಮನೆ ಮನೆಯಲ್ಲಿ ಕೂತವರು ಅಲ್ಲಿ ಕಾರು ಓಡಿಸುತ್ತಾರೆ, ರಿಪೇರಿ ಮಾಡುತ್ತಾರೆ, ಕೈ ಕುದುರಿದ ಮೇಲೆ ದೊಡ್ಡ ವರ್ಕ್‌ಶಾಪುಗಳಲ್ಲಿ ಕೆಲಸ ಹಿಡಿಯುತ್ತಾರೆ. ಕೇಳಲು ಚೆನ್ನಾಗಿತ್ತು, ಬೇರೆಯವರ ತಮ್ಮಂದಿರ ವಿಷಯದಲ್ಲಿ.

ನಾನು ಅವರಿಗೆ ನಮ್ಮ ಮನೆಯ ಕಟ್ಟಳೆಗಳನ್ನೆಲ್ಲ ಮೆಲುದನಿಯಲ್ಲಿ ವಿವರಿಸಿದೆ. ಹಿಂದಿನಿಂದ ಕರೆಯಬಾರದು, ಬಾನೆಟ್ ಜೋರಾಗಿ ಮುಚ್ಚಬಾರದು, ಹಾರ್ನ್ ಮಾಡಬಾರದು. ಅವರು ಗಂಭೀರವಾಗಿ ಕೇಳಿಸಿಕೊಂಡರು. "ಪ್ರತಿಯೊಬ್ರ ಮನೇಲೂ ಹಿಂಗೇ ಹೇಳ್ತಾರೆ ಮೇಡಂ. ಎಲ್ಲಾ ಕೇಳಿದ್ರೆ ನಾನು ಎಂಜಿನ್ ಬಿಚ್ಚಿಟ್ಟು ಕಾರು ತಳ್ಕೊಂಡು ಹೋಗ್ಬೇಕು" ಎಂದರು. ಅಷ್ಟರಲ್ಲಿ ಬಾನೆಟ್ ತೆರೆದ ಸದ್ದಾಯಿತು. ಉಮೇಶ ಯಾವಾಗ ಹೊರಗೆ ಬಂದನೋ, ಎಂಜಿನ್ನಿನೊಳಗೆ ತಲೆ ಹಾಕಿ ನಿಂತಿದ್ದ.

ಮೇಜರ್ ಸಾಹೇಬರ ಮಾತು ನೇರ. ಮುಂದಿನ ರ‍್ಯಾಲಿಗೆ ಉಮೇಶ ಮೆಕ್ಯಾನಿಕ್ಕಾಗಿ ಬರಲಿ. ತಡೆದುಕೊಂಡರೆ ಚಿಕ್ಕಮಗಳೂರಿನ ವರ್ಕ್‌ಶಾಪಿನಲ್ಲಿ ಕಾಯಂ ಕೆಲಸ. ಆಗದಿದ್ದರೆ ಬಲವಂತವಿಲ್ಲ, ಮನೆಗೆ ವಾಪಸ್. ನನಗೆ ನಡುಕ ಹುಟ್ಟಿಸಿದ್ದು ಆ ವಾಪಸ್ ಎಂಬ ಮಾತು. ಎಲ್ಲರೆದುರು ಕೈ ನಡುಗಿ, ಕುಸಿದು ಕೂತು ವಾಪಸ್ ಬಂದರೆ ಉಮೇಶ ಮತ್ತೆ ಆ ಕೋಣೆಯಿಂದ ಹೊರಗೆ ಬರುವವನಲ್ಲ. ಬೇಡ ಎಂದೆ. ಉಮೇಶ ಬಾನೆಟ್ಟಿನೊಳಗಿಂದಲೇ "ನಾನು ಬರ್ತೀನಿ ಸರ್" ಎಂದ. ಹಾಗಾದರೆ ನಾನೂ ಬರುತ್ತೇನೆ, ತಂಡಕ್ಕೆ ಊಟ ತರುತ್ತೇನೆ ಎಂದೆ. ಊಟದ ನೆಪಕ್ಕೆ ಇಲ್ಲ ಎನ್ನುವ ಮಿಲಿಟರಿಯವರನ್ನು ನಾನು ಇನ್ನೂ ಕಂಡಿಲ್ಲ.

ರ‍್ಯಾಲಿ ಎಂದರೆ ಎಲ್ಲ ಕಾರುಗಳೂ ಒಟ್ಟಿಗೆ ಓಡುವ ಪಂದ್ಯವಲ್ಲ ಎಂಬುದು ನನಗೆ ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆ. ಎಸ್ಟೇಟಿನೊಳಗಿನ ಮಣ್ಣು ದಾರಿಗಳನ್ನು ಮುಚ್ಚಿ, ಒಂದೊಂದೇ ಕಾರನ್ನು ಬಿಡುತ್ತಾರೆ. ಯಾರು ಬೇಗ ಮುಟ್ಟುತ್ತಾರೆ ಎಂಬುದು ಲೆಕ್ಕ. ಒಂದು ಸುತ್ತು ಮುಗಿಸಿ ಕಾರು ತನ್ನ ಮೆಕ್ಯಾನಿಕ್ಕುಗಳ ಬಳಿ ಬಂದರೆ, ಕೊಟ್ಟಷ್ಟು ನಿಮಿಷದಲ್ಲೇ ಮುರಿದದ್ದನ್ನು ಸರಿಮಾಡಿ ಮತ್ತೆ ಕಳಿಸಬೇಕು. ನಮ್ಮವರ ಜಾಗ ಕಾಫಿ ಒಣಗಿಸುವ ಒಂದು ಕಣದಲ್ಲಿತ್ತು. ಕಾರು ಓಡಿಸುವವರು ಕಳಸದ ಕಡೆಯ ಶಂಕರಣ್ಣ. ಅವರ ಬಲಗಾಲು ಮೊಣಕಾಲಿನ ಕೆಳಗೆ ಕೃತಕದ್ದು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು, "ಈ ಕಾಲಿಗೆ ಬ್ರೇಕ್ ಒತ್ತೋ ಅಭ್ಯಾಸ ಇಲ್ಲ ಅಕ್ಕ, ಅದಕ್ಕೇ ನಾನು ಜೋರು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅವರ ತಟ್ಟೆಗೆ ಎರಡು ಕಡುಬು ಹೆಚ್ಚು ಹಾಕಿದೆ. ಹೆದರಿದಾಗ ನನ್ನ ಕೈಯೇ ಹಾಗೆ, ಬಡಿಸುತ್ತಾ ಹೋಗುತ್ತದೆ.

ಪರ್ಸಿನಲ್ಲಿ ಉಮೇಶನ ಕಿವಿಗೆಂದು ಹತ್ತಿ ತಂದಿದ್ದೆ. ಮೊದಲ ಕಾರು ಹೊರಟು ಹಿಂದಿನಿಂದ ಸಿಡಿದಾಗ, ಸಾರಿನ ಪಾತ್ರೆಯ ಮುಚ್ಚಳ ಎದೆಗೆ ಅಡ್ಡ ಹಿಡಿದು ಕೂತವಳು ನಾನು. ಉಮೇಶ ಚಕ್ರದ ನಟ್ಟು ಬಿಗಿಯುತ್ತಿದ್ದ. ತಲೆಯೆತ್ತಿ ನೋಡಲೂ ಇಲ್ಲ. ಎರಡನೆಯದು, ಮೂರನೆಯದು ಸಿಡಿದವು. ಕೊನೆಗೆ ಹತ್ತಿಯನ್ನು ನನ್ನ ಕಿವಿಗೇ ಇಟ್ಟುಕೊಂಡೆ. ಇಷ್ಟು ವರ್ಷ ಗಂಜಿ ಬಸಿದದ್ದು ಯಾತಕ್ಕೆ ಎಂದು ಸ್ವಲ್ಪ ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನದ ಸುತ್ತಿಗೆ ಶಂಕರಣ್ಣ ಹೋದರು. ಬರಬೇಕಾದ ಹೊತ್ತಿಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮೇಜರ್ ಸಾಹೇಬರ ಕೈಯಲ್ಲಿದ್ದ ವೈರ್‌ಲೆಸ್ ಕರಕರ ಎಂದು, ಒಂದು ಕಾರು ದಾರಿಯಲ್ಲಿ ಕಾಣೆಯಾಗಿದೆ, ಹಿಂದಿನವರನ್ನೆಲ್ಲ ತಡೆದಿದ್ದೇವೆ ಎಂದಿತು. ಅಲ್ಲಿಗೆ ಎಲ್ಲ ಎಂಜಿನ್ನುಗಳೂ ನಿಂತವು. ನಾನು ಹತ್ತಿ ತೆಗೆದೆ. ತೆಗೆದರೂ ಏನೂ ಕೇಳಿಸಲಿಲ್ಲ. ಬೆಳಗಿನಿಂದ ಗದ್ದಲವಾಗಿದ್ದ ಗುಡ್ಡ ಬಾಯಿ ಮುಚ್ಚಿಕೊಂಡಿತ್ತು. ಜನ ನಿಂತಲ್ಲೇ ನಿಂತಿದ್ದರು, ಎಲ್ಲರ ಕಣ್ಣೂ ತೋಟದಿಂದ ಬರುವ ದಾರಿಯ ಮೇಲೆ.

ಆಗ ಉಮೇಶನ ಕಡೆ ನೋಡಿದೆ. ಅವನ ಕೈಯಲ್ಲಿದ್ದ ಸ್ಪ್ಯಾನರು ನಡುಗುತ್ತಿತ್ತು. ಮುಖ ಬೆವೆತಿತ್ತು. ಆಗಿಹೋಯಿತು, ವಾಪಸ್, ಎಂದುಕೊಂಡೆ. ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ, ಉಸಿರೂ ಕೇಳಿಸದ ಹಾಗೆ ಅವನ ಹತ್ತಿರ ಹೋಗಿ ನಿಂತೆ. ಅವನು ನನ್ನ ಕಡೆ ತಿರುಗದೆ ಹೇಳಿದ:

"ಅಕ್ಕ, ಏನಾದ್ರೂ ಮಾತಾಡು."

"ಏನೋ?"

"ಏನಾದ್ರೂ ಸರಿ. ಸುಮ್ನಿರ್ಬೇಡ. ಅವತ್ತೂ ಹಿಂಗೇ ಇತ್ತು. ಹೋದ ಗಾಡಿ ಬರ್ಲಿ ಅಂತ ಕಾಯ್ತಾ ಕೂತಿದ್ವಿ. ಒಂದು ಸದ್ದಿಲ್ಲ."

ಸ್ಫೋಟದ ವಿಷಯ ಅವನು ಎಂದೂ ನನ್ನೆದುರು ಎತ್ತಿದವನಲ್ಲ. ಬರದ ಗಾಡಿಯನ್ನು ಹುಡುಕಿಕೊಂಡು ಹೊರಟಾಗ ಅವನಿಗೆ ಪೆಟ್ಟಾದದ್ದು, ಆ ಗಾಡಿ ಕೊನೆಗೂ ಬರಲಿಲ್ಲ ಎಂಬುದು, ಅಷ್ಟೇ ಕಾಗದಪತ್ರಗಳಿಂದ ನನಗೆ ಗೊತ್ತಿದ್ದದ್ದು. ಸಿಡಿದ ಸದ್ದೊಂದೇ ಅವನನ್ನು ಕಾಡುತ್ತಿದೆಯೆಂದು ನಾವೆಲ್ಲ ತಿಳಿದಿದ್ದೆವು. ಅದಕ್ಕೂ ಮುಂಚೆ ಕಾದು ಕೂತ ಹೊತ್ತೊಂದಿತ್ತೆಂದು ಯಾರಿಗೆ ಹೊಳೆಯಬೇಕು? ನಾನು ಮನೆಯ ತುಂಬ ಆ ಸದ್ದಿಲ್ಲದ ಹೊತ್ತನ್ನೇ ತಂದು ಹರಡಿದ್ದೆ, ಬೆಳಗಿನಿಂದ ರಾತ್ರಿಯವರೆಗೆ, ಮುತುವರ್ಜಿಯಿಂದ.

ಮಾತಾಡು ಎಂದರೆ ಆ ಗಳಿಗೆಗೆ ಬಾಯಿಯೇ ಬರಲಿಲ್ಲ. ಮದುವೆಗೆ ಮುಂಚೆ ನನ್ನ ಬಾಯಿಗೆ ಹೆದರಿ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇರುತ್ತಿತ್ತು ಎಂದು ಅಮ್ಮ ಹೇಳುವುದುಂಟು. ಈಗ ನೆನಪಿಗೆ ಬಂದದ್ದೂ ಬಸ್ಸೇ. ಚಿಕ್ಕಂದಿನಲ್ಲಿ ಕಳಸಕ್ಕೆ ಹೊರಟಾಗ ನೀನು ದಾರಿಯುದ್ದಕ್ಕೂ ವಾಂತಿ ಮಾಡಿ, ಮುಂದಿನ ಸೀಟಿನವರ ಹೊಸ ಪಂಚೆ ಹಾಳುಮಾಡಿ, ಅಪ್ಪ ಕೈಮುಗಿದು ಬಿಡಿಸಿಕೊಂಡರಲ್ಲ, ಎಂದು ಶುರುಮಾಡಿದೆ. ಕಣ್ಣು ಮಾತ್ರ ದಾರಿಯ ಮೇಲೇ ಇತ್ತು. ಶಂಕರಣ್ಣನ ಕಾಲು, ನಾನು ಹಾಕಿದ ಎರಡು ಕಡುಬು, ಎಲ್ಲ ತಲೆಯೊಳಗೆ ಸುತ್ತುತ್ತಿದ್ದವು.

"ವಾಂತಿ ಮಾಡಿದ್ದು ನೀನು" ಎಂದ ಉಮೇಶ.

"ನಾನಲ್ಲ ಮಾರಾಯ, ನೀನೇ. ನಿಂಬೆಹಣ್ಣು ಮೂಸ್ತಾ ಕೂತಿದ್ದೆ."

"ನಿಂಬೆಹಣ್ಣು ನಿಂಗೇ ಕೊಟ್ಟಿದ್ದು. ಮೂಸೋಕೆ ಕೊಟ್ರೆ ಕಚ್ಚಿದ್ದೆ. ಅದ್ರಿಂದಲೇ ಆಗಿದ್ದು."

ನಾನು ಪಟ್ಟು ಬಿಡಲಿಲ್ಲ. ಪಂಚೆ ಯಾರದು, ಬಸ್ಸು ನಿಂತದ್ದು ಎಲ್ಲಿ, ಅಪ್ಪ ಬೈದದ್ದು ಯಾರನ್ನು, ಒಂದೊಂದಕ್ಕೂ ಜಗಳ. ಆಚೆ ನಿಂತಿದ್ದ ಮೇಜರ್ ಸಾಹೇಬರು ಹತ್ತಿರ ಬಂದು, ತಾವು ಮೊದಲ ಸಲ ಕೊಟ್ಟಿಗೆಹಾರದಿಂದ ಘಾಟಿ ಇಳಿದಾಗ ವಾಂತಿ ಮಾಡಿದ್ದನ್ನು ಸವಿಸ್ತಾರವಾಗಿ ಹೇಳಿದರು. ನಾನು ಮಾತಾಡುತ್ತಲೇ ಇದ್ದೆ. ಉಮೇಶ ತಿದ್ದುತ್ತಲೇ, ಜ್ಯಾಕು, ಚಕ್ರ, ಸುತ್ತಿಗೆಗಳನ್ನು ಕಣದ ಮೇಲೆ ಸಾಲಾಗಿ ಜೋಡಿಸತೊಡಗಿದ. ಕೈ ಇನ್ನೂ ನಡುಗುತ್ತಿತ್ತು. ಆದರೂ ಜೋಡಿಸಿದ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ತೋಟದ ಆಚೆಯಿಂದ, ತಗಡನ್ನು ಕಲ್ಲಿಗೆ ತಿಕ್ಕಿದಂಥ, ಹಲ್ಲು ಜುಮ್ಮೆನ್ನಿಸುವ ಒಂದು ಸದ್ದು ಬಂತು. ಬರುತ್ತಾ ಬರುತ್ತಾ ಜೋರಾಯಿತು. ಮುಂದಿನ ಒಂದು ಚಕ್ರ ಸೊಟ್ಟಗಾಗಿ, ಬಂಪರ್ ನೆಲಕ್ಕೆ ಎಳೆಯುತ್ತಾ, ಕಿಟಕಿಗೆ ಕಾಫಿಗಿಡದ ರೆಂಬೆ ಸಿಕ್ಕಿಕೊಂಡು ಶಂಕರಣ್ಣನ ಕಾರು ಕಣಕ್ಕೆ ಬಂತು. ಚರಂಡಿಗೆ ಇಳಿದು ಗಿಡಗಳ ಮಧ್ಯೆ ಸಿಕ್ಕಿಕೊಂಡಿದ್ದರಂತೆ. ಹಣ್ಣು ಕೊಯ್ಯುತ್ತಿದ್ದವರು ಸೇರಿ ಎತ್ತಿ ಬಿಟ್ಟರಂತೆ. ಇದನ್ನೆಲ್ಲ ಅವರು ಹೇಳಿ ಮುಗಿಸುವಷ್ಟರಲ್ಲಿ ಉಮೇಶ ಕಾರಿನ ಕೆಳಗಿದ್ದ. ಸುತ್ತಿಗೆ ಬೇಕು ಎಂದು ಅವನು ಕೂಗಿದ ಕೂಗಿಗೆ ನಾನು ಎದ್ದು ಬಿದ್ದು ಓಡಿದೆ. ತಮ್ಮ ನನ್ನ ಮೇಲೆ ಅಷ್ಟು ಜೋರಾಗಿ ಕೂಗಿ ಎಷ್ಟು ಕಾಲವಾಗಿತ್ತೋ.

ಕೊಟ್ಟ ಹೊತ್ತಿಗೆ ಕಾರು ಹೊರಟಿತು. ಗೆಲ್ಲಲಿಲ್ಲ, ಕೊನೆಯಿಂದ ಎಣಿಸಿದರೆ ಬೇಗ ಸಿಗುವ ಜಾಗದಲ್ಲಿ ನಿಂತಿತು. ಸಂಜೆ ಮೇಜರ್ ಸಾಹೇಬರು, ಸೋಮವಾರದಿಂದ ಬಾ, ಎಂದಷ್ಟೇ ಹೇಳಿದರು. ಈಗ ಉಮೇಶ ಚಿಕ್ಕಮಗಳೂರಿನಲ್ಲಿ ಕೋಣೆ ಮಾಡಿಕೊಂಡಿದ್ದಾನೆ. ಕೆಲವು ರಾತ್ರಿ ಈಗಲೂ ನಿದ್ದೆ ಬರುವುದಿಲ್ಲವಂತೆ; ಅಂಥ ದಿನ ಎದ್ದು ವರ್ಕ್‌ಶಾಪಿನ ರೇಡಿಯೋ ಹಾಕಿಕೊಳ್ಳುತ್ತಾನಂತೆ. ನನ್ನ ಹೆದರಿಕೆ ಕಡಿಮೆಯಾಗಿದೆ ಎಂದು ಯಾರೂ ತಿಳಿಯಬಾರದು. ಅದು ಬರೀ ಜಾಗ ಬದಲಿಸಿದೆ. ಮೊದಲು ಸದ್ದಾದರೆ ಹೆದರುತ್ತಿದ್ದೆ. ಈಗ ನಮ್ಮನೆಯವರು ಐದು ನಿಮಿಷ ಸುಮ್ಮನೆ ಪೇಪರ್ ಓದಿದರೂ ಹೆದರಿಕೆಯಾಗಿ, ಏನಾದ್ರೂ ಮಾತಾಡಿ, ಎನ್ನುತ್ತೇನೆ. ಅವರು ಆಕಾಶ ನೋಡುತ್ತಾರೆ.

ಆವತ್ತು ಹೊರಡುವ ಮೊದಲು ನಾನು ಪಾತ್ರೆಗಳನ್ನು ಬುಟ್ಟಿಗೆ ತುಂಬುತ್ತಿದ್ದಾಗ ಉಮೇಶ ಪಕ್ಕದ ನಲ್ಲಿಯಲ್ಲಿ ಸೋಪಿನ ಪುಡಿ ಹಾಕಿ ಗ್ರೀಸ್ ತೊಳೆಯುತ್ತಿದ್ದ. ಅವನನ್ನು ಒಂದು ಮಾತು ಕೇಳಿದೆ. ಅವನು ಆಗಲೇ ಬೆಳ್ಳಗಾಗಿದ್ದ ಕೈಯನ್ನು ಇನ್ನೂ ಬಹಳ ಹೊತ್ತು ತಿಕ್ಕಿದ, ಆಮೇಲೆ ಶಂಕರಣ್ಣ ಕರೆದರೆಂದು ಹೋದ. ಶಂಕರಣ್ಣ ನಿಜವಾಗಿ ಕರೆದಿದ್ದರೋ ಇಲ್ಲವೋ, ನನ್ನ ನೆನಪನ್ನು ನಾನು ನಂಬುವುದಿಲ್ಲ. ಭಾನುವಾರಗಳಲ್ಲಿ ಬರುತ್ತಾನೆ, ಉಣ್ಣುತ್ತಾನೆ, ಜೀಪು ರಿಪೇರಿ ಮಾಡುತ್ತಾನೆ. ಉತ್ತರ ನನಗೇ ಗೊತ್ತಿರಬಹುದೆಂಬ ಅನುಮಾನದಿಂದ ಮತ್ತೊಮ್ಮೆ ಕೇಳುವ ಧೈರ್ಯ ಬಂದಿಲ್ಲ. ಕೇಳಿದ್ದು ಮಾತ್ರ ಇಷ್ಟೇ:

"ಸುಮ್ನಿರ್ಬೇಡಿ ಅಂತ ಮನೇಲಿ ಒಂದ್ಸಲನಾದ್ರೂ ಯಾಕೋ ಹೇಳ್ಲಿಲ್ಲ?"