ಮೊಟೊಜಿಯ ಗಿಬೊಶಿ

ಎಲ್ಲ ಶುರುವಾದದ್ದು ಮೊಣಕಾಲೆತ್ತರದ ಒಂದು ಉಮಿಯ ಗುಡ್ಡೆಯಿಂದ. ಅದನ್ನು ಹಿತ್ತಲಿನ ಮೇಪಲ್ ಮರದ ಬುಡದಲ್ಲಿ ಸುರಿದು, ಎದುರಿಗೆ ಮಣೆ ಹಾಕಿಕೊಂಡು ಇಗರಾಶಿ ಮೊಟೊಜಿ ಕಾಯತೊಡಗಿ ಇವತ್ತಿಗೆ ಹತ್ತೊಂಬತ್ತು ದಿನ. ಗುಡ್ಡೆಯ ಕೆಳಗೆ ಒಂದು ಗಿಬೊಶಿಯ ಬೇರು ಮಲಗಿತ್ತು. ನರ್ಸರಿಯವರು ಹೋಸ್ಟಾ ಎಂದು ಚೀಟಿ ಅಂಟಿಸಿ ಮಾರುವ ಅಗಲೆಲೆಯ ಗಿಡವೇ ಅದು. ಚಳಿಗಾಲದಲ್ಲಿ ಇದ್ದ ಜಾಗದ ಗುರುತೂ ಇಲ್ಲದಂತೆ ಮಾಯವಾಗಿ, ವಸಂತದಲ್ಲಿ ತನಗೆ ಮನಸ್ಸು ಬಂದಾಗ ಏಳುವ ಗಿಡ. ಬೆಟ್ಟದ ಮಗ್ಗುಲಿನ ಆ ಊರಿನಲ್ಲಿ ಏಪ್ರಿಲ್ ಮುಗಿಯುತ್ತ ಬಂದಿತ್ತು. ಉತ್ತರದ ಗೋಡೆಗಳಿಗೆ ಒರಗಿದ್ದ ಹಿಮ ಕೂಡ ಸೋತು ಕರಗುತ್ತಿತ್ತು. ಊರಿನವರೆಲ್ಲರ ಗಿಬೊಶಿ ಮೂಗು ಹೊರಗೆ ಹಾಕಿತ್ತು. ಮೊಟೊಜಿಯದು ಮಾತ್ರ ಇಲ್ಲ.

ಇವತ್ತು ಸಂಜೆ ನಾಲ್ಕಕ್ಕೆ ಕನ್ನೊ ಮೇಷ್ಟ್ರು ಬಂದು ನೋಡುವವರಿದ್ದರು.

ಮೇಷ್ಟ್ರ ತೋಟ ಊರಾಚೆಯ ತಿರುವಿನಲ್ಲಿ, ಎತ್ತರದ ಗೋಡೆಯ ಹಿಂದೆ ಇದೆ. ದಾರಿಹೋಕರಿಗೆ ಅದು ಕಾಣುವುದಿಲ್ಲ. ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂತವನಿಗೆ ಮಾತ್ರ ಕಾಣುತ್ತದೆ, ಅದೂ ಗೇರು ಬದಲಿಸುವಷ್ಟು ಹೊತ್ತು. ಮೊಟೊಜಿ ಮೂವತ್ತೊಂದು ವರ್ಷ ಬೆಳಗಿನ ಮೊದಲ ಬಸ್ಸನ್ನು ಆ ತಿರುವಿನಲ್ಲಿ ತಿರುಗಿಸಿದವನು. ಮೇ ತಿಂಗಳ ಮಂಜಿನಲ್ಲಿ ನೂರಾರು ನೀಲಿ ಹಸಿರು ಎಲೆಗಳು, ಒಂದೊಂದರ ಬೊಗಸೆಯಲ್ಲೂ ಒಂದಿಷ್ಟು ನೀರು, ಅವುಗಳ ನಡುವೆ ಯಾರೋ ಹತ್ತು ಜನ ಮೆಲ್ಲಗೆ ನಡೆಯುತ್ತ ಚಹಾ ಕುಡಿಯುವುದು. ಇಷ್ಟು ಕಾಣುವಷ್ಟರಲ್ಲಿ ತಿರುವು ಮುಗಿಯುತ್ತಿತ್ತು. ಒಮ್ಮೆಯಾದರೂ ಬಸ್ಸು ನಿಲ್ಲಿಸಿ ಇಳಿದುಬಿಡಬೇಕು ಅನ್ನಿಸುತ್ತಿತ್ತು. ಹಿಂದೆ ಕೂತವರಿಗೆಲ್ಲ ರೈಲು ಹಿಡಿಯುವ ಅವಸರ. ನಿವೃತ್ತನಾದ ಮಾರನೆಯ ದಿನವೇ ಅವನು ಮೇಷ್ಟ್ರ ಬಾಗಿಲು ತಟ್ಟಿದ್ದ.

ಒಳಗೆ ಬಿಡಲು ಮೇಷ್ಟ್ರದು ಒಂದೇ ಷರತ್ತು. 'ಬೆಳಗಿನ ಕನಸು' ಎಂಬ ಅವರ ಅಪರೂಪದ ಗಿಬೊಶಿ ಯಾರ ಮನೆಯಲ್ಲಿ ಇದೆಯೋ ಅವರಿಗೆ ಮಾತ್ರ ಮೇ ತಿಂಗಳ ಚಹಾಕ್ಕೆ ಕರೆ. ಅವರು ಕೊಟ್ಟ ಮೊದಲ ಬೇರನ್ನು ಮೊಟೊಜಿ ಮೊಳೆತಿದೆಯೇ ಎಂದು ದಿನಕ್ಕೆ ಮೂರು ಸಲ ಅಗೆದು ನೋಡಿ ಕೊಂದ. ಎರಡನೆಯದನ್ನು ಕಡ್ಡಿಯಿಂದ ಚುಚ್ಚಿ ನೋಡಿ ಕೊಂದ. ಮೂರನೆಯದನ್ನು ಕೊಡುವಾಗ ಮೇಷ್ಟ್ರು, "ಅಗೆಯಬಾರದು, ಚುಚ್ಚಬಾರದು, ಇಣುಕಲೂಬಾರದು. ನಾನೇ ಬಂದು ನೋಡ್ತೀನಿ. ಇದೂ ಹೋದರೆ ನಾಲ್ಕನೆಯದು ಇಲ್ಲ," ಎಂದಿದ್ದರು.

"ರೀ, ತಿಂಡಿ ಆರ್ತಿದೆ," ಎಂದು ಹೆಂಡತಿ ಫುಮಿಯೆ ಒಳಗಿನಿಂದ ಕೂಗಿದಳು. "ಆ ಗುಡ್ಡೆನ ನೀವು ದಿಟ್ಟಿಸಿ ನೋಡ್ತಾ ಕೂತ್ರೆ ಪಾಪ ಅದು ನಾಚಿಕೊಂಡು ಹೊರಗೇ ಬರಲ್ಲ."

"ಬಂದೆ ಕಣೇ. ಈಗ ಒಂಚೂರು ಅಲ್ಲಾಡಿದ ಹಾಗಾಯ್ತು."

"ಅದು ಎರೆಹುಳ."

ತಿಂಡಿ ಮುಗಿಯುವ ಮೊದಲೇ ಕೇರಿಯ ಮುಖಂಡ ಅಗತ್ಸುಮಾ ಸುತ್ತೋಲೆಯ ಹಲಗೆ ಹಿಡಿದು ಬಂದ. ಸುತ್ತೋಲೆ ಓದಿ ರುಜು ಹಾಕಿ ಪಕ್ಕದ ಮನೆಗೆ ದಾಟಿಸುವುದು ಪದ್ಧತಿ. ಅಗತ್ಸುಮಾ ಮಾತ್ರ ಅದರ ಜೊತೆಗೆ ತನ್ನ ಸಲಹೆಯನ್ನೂ ಮನೆಮನೆಗೆ ದಾಟಿಸುವವನು. ತಡವಾಗಿ ಇಬ್ಬನಿ ಹೆಪ್ಪುಗಟ್ಟುತ್ತದೆ, ಉಮಿ ಹೊದಿಸಿ ಎಂದು ಹೇಳಿ ಒಂದು ಮೂಟೆ ಉಮಿ ತಂದುಕೊಟ್ಟವನೂ ಅವನೇ.

"ಇನ್ನೂ ಇಲ್ವಾ ಇಗರಾಶಿಯವರೇ?" ಎಂದು ಅವನು ಗುಡ್ಡೆಗೆ ಕಿವಿಗೊಟ್ಟು ಬಗ್ಗಿದ. "ಉಸಿರೇ ಕೇಳ್ತಿಲ್ಲ."

"ಗಿಡಕ್ಕೆ ಎಲ್ಲಿಯ ಉಸಿರು ಮಾರಾಯ್ರೇ!"

"ಹಾಗಂದ್ರೆ ಆಗುತ್ತಾ? ಕಾಲು ತಣ್ಣಗಿದ್ರೆ ನಮಗೇ ಏಳೋಕೆ ಮನಸ್ಸು ಬರಲ್ಲ. ಬಿಸಿನೀರು ಹಾಕಿ. ಕೆದಕಬೇಡಿ ಅಂದಿದ್ದಾರೆ ತಾನೆ, ಸ್ನಾನ ಮಾಡಿಸಬೇಡಿ ಅಂದಿಲ್ಲವಲ್ಲ."

ಮೊಟೊಜಿ ಬೇಡ ಬೇಡ ಎನ್ನುತ್ತಿದ್ದಂತೆ ಅವನು ಬಚ್ಚಲಿನಿಂದ ಒಂದು ಬಕೆಟ್ ಉಗುರುಬೆಚ್ಚಗಿನ ನೀರು ತಂದು ಗುಡ್ಡೆಯ ಸುತ್ತ ಸುರಿದ. ಉಮಿಯಿಂದ ತೆಳ್ಳಗೆ ಹಬೆ ಎದ್ದಿತು. ಬೆಚ್ಚಗಿನ ಜಾಗ ಕಂಡದ್ದೇ ತಡ, ಎದುರು ಮನೆಯ ಬೆಕ್ಕು ಬೇಲಿ ನುಸುಳಿ ಬಂದು ಗುಡ್ಡೆಯ ತುದಿಯಲ್ಲಿ ಸಿಂಹಾಸನವೇರಿದವರಂತೆ ಕೂತು, ಮುಂಗಾಲಿನಿಂದ ಕೆರೆಯತೊಡಗಿತು.

"ಏಯ್! ಕೆದಕಬಾರದು ಅಂದಿದ್ದಾರೆ!" ಎಂದು ಮೊಟೊಜಿ ಬೆಕ್ಕಿಗೆ ಮೇಷ್ಟ್ರ ಷರತ್ತನ್ನು ತಿಳಿಸುತ್ತ ನುಗ್ಗಿದ. ಬೆಕ್ಕು ಹಾರಿತು, ಅವನೂ ಹಾರಿದ. ಬೆಕ್ಕು ಬೇಲಿಯ ಮೇಲೆ ಇಳಿಯಿತು. ಮೊಟೊಜಿ ಹಿಮ ಕರಗಿದ ನೀರು ಹರಿಯುತ್ತಿದ್ದ ಚರಂಡಿಯಲ್ಲಿ ಸೊಂಟದವರೆಗೆ ಇಳಿದ.

ಎತ್ತಲು ಬಂದವಳು ಪಕ್ಕದ ಮನೆಯ ಟೊಮೆ ಅಜ್ಜಿ. ಎಂಬತ್ತನಾಲ್ಕು ವಯಸ್ಸು, ಬೆನ್ನು ಬಾಗಿದೆ, ಕಿವಿ ಮಂದ, ಕೈಯ ಹಿಡಿತ ಮಾತ್ರ ಇಕ್ಕಳದಂಥದ್ದು. ಕೇರಿಯಲ್ಲಿ ಯಾರ ಮನೆಗೆ ನೆಂಟರು ಬಂದರೂ ಅವಳ ಅಡುಗೆಮನೆಯಲ್ಲಿ ಹೊಗೆ ಏಳುತ್ತದೆ.

"ಅಯ್ಯೋ ಮೊಟೊಜಿ, ಈ ವಯಸ್ಸಿಗೆ ಈಜು ಕಲೀತೀಯೇನೋ?"

"ಅಜ್ಜಿ, ಸಂಜೆಗೆ ಮೇಷ್ಟ್ರು ಬರ್ತಾರೆ. ನೋಡು ನನ್ನ ಗತಿ. ಇಷ್ಟು ದಿನ ಕಾದದ್ದೆಲ್ಲ ಅವರಿಗೋಸ್ಕರ."

"ಯಾವ ಮೇಷ್ಟ್ರು, ಕನ್ನೊ ಮೇಷ್ಟ್ರಾ?" ಅಜ್ಜಿ ಅವನನ್ನೂ ಗುಡ್ಡೆಯನ್ನೂ ಸರದಿಯಂತೆ ನೋಡಿದಳು. ಮುಖ ಮೆತ್ತಗಾಯಿತು. "ಅವರಿಗೋಸ್ಕರ ಇಷ್ಟೆಲ್ಲ ಮಾಡಿದೀಯಾ? ನೀನೇನೂ ಯೋಚನೆ ಮಾಡಬೇಡ. ಹೋಗಿ ಬಟ್ಟೆ ಬದಲಾಯಿಸಿ ಬಿಸಿಲಿಗೆ ಕೂತ್ಕೊ."

ಫುಮಿಯೆಯ ಹತ್ತಿ ತುಂಬಿದ ಹೂಹೂವಿನ ಅಂಗಿಯನ್ನು ಮೈಗೆ ಸುತ್ತಿಕೊಂಡು ಮೊಟೊಜಿ ಜಗುಲಿಯಲ್ಲಿ ಕೂತ. ಬಿಸಿಲು ಹಾಲಿನಂತಿತ್ತು. ಸೂರಿನಿಂದ ಹಿಮದ ಕೊನೆಯ ಹನಿಗಳು ಬೀಳುತ್ತಿದ್ದವು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟೋ ಹೊತ್ತು. ಎಲ್ಲೋ ಪ್ಲಮ್ ಹೂವು ಬಿಟ್ಟಿದ್ದ ವಾಸನೆ. ಅವನ ಕಣ್ಣು ಗುಡ್ಡೆಯ ಮೇಲೆಯೇ ನೆಟ್ಟಿತ್ತು, ಆಮೇಲೆ ಎಲ್ಲಿಯೂ ನೆಡದೆ ಹೋಯಿತು.

ಗುಡ್ಡೆ ಮೆಲ್ಲಗೆ ಬಿರಿಯಿತು. ಒಳಗಿನಿಂದ ಒಂದು ಮೊಳಕೆ, ಸುರುಳಿ ಸುತ್ತಿದ ಕಾಗದದಂತೆ, ಅವಸರವೇ ಇಲ್ಲದೆ ಎದ್ದು ಬಿಚ್ಚಿಕೊಂಡಿತು. ಎಲೆ ಛತ್ರಿಯಷ್ಟಾಯಿತು, ಮನೆಯ ಮಾಡಿನಷ್ಟಾಯಿತು. ಅದರ ಕೆಳಗೆ ಅವನ ಹಳೆಯ ಬಸ್ಸು ಸದ್ದಿಲ್ಲದೆ ಬಂದು ನಿಂತಿತು. ರೈಲಿಗೆ ಹೊರಟಿದ್ದ ಪ್ರಯಾಣಿಕರೆಲ್ಲ ಗಡಿಯಾರ ನೋಡದೆ ಇಳಿದು ಮಂಜಿನೊಳಗೆ ನಡೆದರು. ಯಾರೋ ಅವನ ಕೈಗೂ ಒಂದು ಬಟ್ಟಲು ಚಹಾ ಕೊಟ್ಟರು. ತಿರುವು ಮುಗಿಯಲೇ ಇಲ್ಲ. ಅಷ್ಟು ಸುಖ ಅವನಿಗೆ ಎಚ್ಚರದಲ್ಲಿ ಎಂದೂ ಸಿಕ್ಕಿರಲಿಲ್ಲ.

"ರೀ, ಏಳಿ! ಮೇಷ್ಟ್ರ ಕಾರು!"

ಮೊಟೊಜಿ ಹೂವಿನ ಅಂಗಿಯಲ್ಲೇ ಎದ್ದು ನಿಂತ. ಬಾಗಿಲಲ್ಲಿ ಕನ್ನೊ ಮೇಷ್ಟ್ರು, ಕಡ್ಡಿಯಂತೆ ನೆಟ್ಟಗೆ, ಕೈಯಲ್ಲಿ ನೇರಳೆ ಬಟ್ಟೆಯಲ್ಲಿ ಅಂದವಾಗಿ ಗಂಟು ಕಟ್ಟಿದ ಏನೋ ಒಂದು. ಅದನ್ನು ಜಗುಲಿಯ ತುದಿಯಲ್ಲಿಟ್ಟರು. ಅವರು ಬಂದದ್ದನ್ನು ನೋಡಿ ಅಗತ್ಸುಮಾ ಕೂಡ ಮತ್ತೊಂದು ಸುತ್ತೋಲೆ ಹುಡುಕಿಕೊಂಡು ಬಂದ.

"ಮೊದಲು ಚಹಾ, ಆಮೇಲೆ ಗಿಡ," ಎಂದು ಮೇಷ್ಟ್ರು ಕೂತರು. ಫುಮಿಯೆ ಚಹಾ ಸುರಿಯುವಷ್ಟರಲ್ಲಿ ಟೊಮೆ ಅಜ್ಜಿ ಒಂದು ಮುಚ್ಚಿದ ಬಟ್ಟಲು ಹಿಡಿದು ಒಳಗೆ ಬಂದಳು. ಬೆಳ್ಳಗೆ ಬೆಂದ, ತುದಿಯಲ್ಲಿ ಮಾತ್ರ ಎಳೆ ಹಳದಿ ಬಣ್ಣದ ಉರುಯಿ ಸೊಪ್ಪಿನ ದಂಟು, ಮೇಲೆ ಹುಳಿ ಬೆರೆಸಿದ ಮಿಸೊ ಎಂಬ ಸೋಯಾ ಕಾಳಿನ ಗೊಜ್ಜು. ಬೆಟ್ಟದವರಿಗೆ ಉರುಯಿ ಬಾರದೆ ವಸಂತ ಬಂದಂತಲ್ಲ. ಮೇಷ್ಟ್ರು ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಆಹಾ! ಹಲ್ಲಿಗೂ ಗೊತ್ತಾಗದ ಹಾಗೆ ಕರಗ್ತಿದೆ. ಇಷ್ಟು ನವಿರಾದ ಉರುಯಿ ತಿಂದು ಎಷ್ಟು ವರ್ಷ ಆಯ್ತೋ."

"ಇನ್ನೊಂದು ಸ್ವಲ್ಪ ಹಾಕ್ಕೊಳಿ ಮೇಷ್ಟ್ರೇ, ಸಂಕೋಚ ಬೇಡ."

ಮೇಷ್ಟ್ರು ಮೂರು ಸಲ ಹಾಕಿಸಿಕೊಂಡರು. ಅಗತ್ಸುಮಾ ನಾಲ್ಕು ಸಲ. ಕಣ್ಣು ಗುಡ್ಡೆಯ ಮೇಲಿದ್ದರೂ ಮೊಟೊಜಿ ಎರಡು ಸಲ ತಿಂದು, ಚೆನ್ನಾಗಿದೆ ಅಂದ. ಆಮೇಲೆ ಎಲ್ಲರೂ ಎದ್ದು ಮೇಪಲ್ ಮರದ ಬುಡಕ್ಕೆ ಹೋದರು.

ಮೇಷ್ಟ್ರು ಮಂಡಿಯೂರಿ, ಮಗುವಿನ ಹೊದಿಕೆ ಸರಿಸುವವರಂತೆ ಎರಡೂ ಕೈಗಳಿಂದ ಉಮಿ ಸರಿಸಿದರು. ಉಮಿ ಸರಿಯಿತು, ನೆಲ ಕಂಡಿತು. ನೆಲದಲ್ಲಿ ಕುಡುಗೋಲಿನಿಂದ ನೀಟಾಗಿ ಕೊಯ್ದ ಒಂಬತ್ತು ಬಿಳಿ ಮೋಟುಗಳು.



"ಏನು ಹುಡುಕ್ತಿದೀರಿ?" ಎಂದು ಟೊಮೆ ಅಜ್ಜಿ ಹಿಂದಿನಿಂದ ಕೇಳಿದಳು. "ಅದೆಲ್ಲ ನಿಮ್ಮ ಹೊಟ್ಟೇಲಿದೆಯಲ್ಲ."

"ಅಜ್ಜೀ!" ಮೊಟೊಜಿ ಕೂಗಿದ. "ಅದು ಗಿಬೊಶಿ! ನೋಡೋಕೆ ಬೆಳೆಸಿದ ಗಿಬೊಶಿ!"

"ಎರಡೂ ಒಂದೇ ಅಲ್ವೇನೋ? ನೋಡೋರಿಗೆ ಗಿಬೊಶಿ, ತಿನ್ನೋರಿಗೆ ಉರುಯಿ. ಬಿಸಿಲು ಸೋಕದೆ ಬೆಳ್ಳಗೆ ಮೆತ್ತಗೆ ಬರಲಿ ಅಂತ ತಾನೆ ಊರಲ್ಲೆಲ್ಲ ಉಮಿ ಮುಚ್ಚೋದು? ಕಣ್ಣಿಗೆ ಕಾಣಿಸಬೇಕಾದ್ದನ್ನ ಯಾರಾದ್ರೂ ಉಮಿ ಹಾಕಿ ಮುಚ್ಚಿಡ್ತಾರಾ? ಮೇಷ್ಟ್ರಿಗೋಸ್ಕರ ಕಾದಿದೀನಿ ಅಂದೆ, ಅವರು ಬರೋ ಹೊತ್ತಿಗೆ ನಿದ್ದೆ ಹೊಡೀತಿದ್ದೆ. ನೀನು ತಿನ್ನಿಸಬೇಕಾದ್ದನ್ನ ನಾನು ಕೊಯ್ದು, ಉಮಿ ಮತ್ತೆ ಮುಚ್ಚಿ, ಬೇಯಿಸಿಕೊಟ್ಟೆ, ಅಷ್ಟೆ."

ಅಗತ್ಸುಮಾ ಸುತ್ತೋಲೆಯ ಹಲಗೆಯಿಂದ ಮುಖ ಮುಚ್ಚಿಕೊಂಡ. ಮೊಟೊಜಿ ನೆಲಕ್ಕೆ ಹಣೆ ತಾಗುವಂತೆ ಬಗ್ಗಿದ. "ಮೇಷ್ಟ್ರೇ, ತಪ್ಪಾಯ್ತು. ನಿಮ್ಮ 'ಬೆಳಗಿನ ಕನಸು'..."

ಆಗ ಮೇಷ್ಟ್ರ ಮುಖದಲ್ಲಿ ಯಾರೂ ನೋಡಿರದ ಒಂದು ನಗೆ ಮೂಡಿತು.

"ಏಳಿ ಇಗರಾಶಿಯವರೇ. ಎರಡು ಗಿಡ ಕೊಂದವರ ಕೈಗೆ ಮೂರನೆಯದನ್ನ ಕೊಡ್ತೀನಾ? ಇದು ಗುಡ್ಡದಿಂದ ಕಿತ್ತು ತಂದ ಬರೀ ಉರುಯಿ. ನಿಮ್ಮ ತಾಳ್ಮೆ ನೋಡೋಣ ಅಂತ ಕೊಟ್ಟಿದ್ದೆ. ಒಂಬತ್ತು ಮೊಳಕೆ ಬಂದಿದೆ ಅಂದ್ರೆ ನೀವು ಒಂದು ಸಲಾನೂ ಕೆದಕಿಲ್ಲ. ನೀವು ಪಾಸು. ಅಸಲಿ 'ಬೆಳಗಿನ ಕನಸು' ಕುಂಡ ಸಮೇತ ತಂದಿದೀನಿ, ಆ ನೇರಳೆ ಗಂಟಲ್ಲಿದೆ."

ಮೊಟೊಜಿಯ ಕಣ್ಣಲ್ಲಿ ನೀರು ತುಂಬಿ ಹಿತ್ತಲೆಲ್ಲ ಮಂಜಾಯಿತು. ಮೂವತ್ತೊಂದು ವರ್ಷದ ತಿರುವು ಕೊನೆಗೂ ನಿಂತಿತು ಅಂದುಕೊಂಡು ಅವನು ಜಗುಲಿಯ ಕಡೆ ತಿರುಗಿದ.

ಅಷ್ಟರಲ್ಲೇ ಜಗುಲಿಗೆ ಮರಳಿದ್ದ ಅಜ್ಜಿಗೆ ಫುಮಿಯೆ ಬಟ್ಟಲು ತೊಳೆದು ಕೊಡುತ್ತಿದ್ದಳು. ತಿಂಡಿ ತುಂಬಿ ಬಂದ ಪಾತ್ರೆ ಬರಿದಾಗಿ ಮರಳಬಾರದು. ಇದು ಅಲ್ಲಿ ಹಸುಗೂಸಿಗೂ ಗೊತ್ತು. ಫುಮಿಯೆ ಒಳಗೆ ಏನಿದೆಯೋ ನೋಡೋಣ ಎಂದು ತಿರುಗುವ ಮೊದಲೇ, ಕಿವಿ ಮಂದವಾಗಿ ಮೇಷ್ಟ್ರ ಮಾತಿನ ಅರ್ಧವೂ ಕೇಳದ ಅಜ್ಜಿಯ ಕಣ್ಣಿಗೆ ನೇರಳೆ ಗಂಟು ಬಿದ್ದಿತ್ತು.

"ಅಯ್ಯಯ್ಯೋ ಮೇಷ್ಟ್ರೇ! ಒಂದು ಹಿಡಿ ಸೊಪ್ಪಿಗೆ ಇಷ್ಟು ದೊಡ್ಡ ಉಡುಗೊರೆನಾ? ಇದೆಲ್ಲ ಯಾಕೆ ತರೋಕೆ ಹೋದ್ರಿ?" ಎಂದು ಗಂಟನ್ನು ಎರಡೂ ಕೈಯಲ್ಲೆತ್ತಿ ಹಣೆಗೊತ್ತಿಕೊಂಡು, ಬಾಗಿದ ಬೆನ್ನನ್ನು ಇನ್ನಷ್ಟು ಬಾಗಿಸಿ ಮೂರು ಸಲ ನಮಸ್ಕರಿಸಿದಳು.

ಅದು ನಿಮಗಲ್ಲ ಎಂದು ಒಬ್ಬರಾದರೂ ಹೇಳಬೇಕಿತ್ತು. ಮೊಟೊಜಿ ಮೇಷ್ಟ್ರನ್ನು ನೋಡಿದ. ಮೇಷ್ಟ್ರು ಅಗತ್ಸುಮಾನನ್ನು ನೋಡಿದರು. ಕೇರಿಯಲ್ಲಿ ಎಲ್ಲದಕ್ಕೂ ಬಾಯಿ ಹಾಕುವ ಅಗತ್ಸುಮಾ ಆಕಾಶ ನೋಡಿದ. ಎಂಬತ್ತನಾಲ್ಕರ ಮುದುಕಿ ಹಣೆಗೊತ್ತಿಕೊಂಡ ಉಡುಗೊರೆಯನ್ನು ಅವಳ ಕೈಯಿಂದ ಬಿಡಿಸಿಕೊಳ್ಳುವ ಗಂಡಸು ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

"ಪರವಾಗಿಲ್ಲ ಅಜ್ಜಿ, ಏನೋ ಚಿಕ್ಕದು," ಎಂದರು ಮೇಷ್ಟ್ರು, ಸಣ್ಣ ಸ್ವರದಲ್ಲಿ. ಆಮೇಲೆ ಗಂಟಲು ಸರಿಮಾಡಿಕೊಂಡರು. ಅವರು ಮಾತಿಗೆ ತಪ್ಪದ ಮನುಷ್ಯ. ಅದೇ ಅವರ ತೊಂದರೆ. "ಗಿಡ ಯಾರ ಮನೇಲಿದೆಯೋ ಅವರನ್ನ ಕರೀಬೇಕು. ಮೇ ಹದಿನೈದು, ಬೆಳಗಿನ ಜಾವ, ನನ್ನ ತೋಟದಲ್ಲಿ ಚಹಾ. ನೀವು ದಯವಿಟ್ಟು ಬರಬೇಕು." ಮೊಟೊಜಿಯ ಕಡೆ ತಿರುಗಿ, "ಮುಂದಿನ ವರ್ಷ ಬೇರು ಬಿಡಿಸಿ ಹಂಚುವಾಗ ನೋಡೋಣ," ಎಂದು ಭುಜ ತಟ್ಟಿದರು. ಕಾರು ಹೊರಟುಹೋಯಿತು.

ಅಜ್ಜಿ ಬೇಲಿ ದಾಟುವ ಮೊದಲು ನಿಂತು ಯೋಚಿಸಿದಳು.

"ಮೊಟೊಜಿ, ಆ ಏರು ನನ್ನ ಕೈಲಿ ಹತ್ತೋಕಾಗಲ್ಲ ಕಣೋ. ನೀನು ಅಷ್ಟು ವರ್ಷ ಅದೇ ದಾರೀಲಿ ಬಸ್ಸು ಓಡಿಸಿದೋನು. ಅವತ್ತು ನನ್ನನ್ನ ಗಾಡೀಲಿ ಕರ್ಕೊಂಡು ಹೋಗ್ತೀಯಾ? ಬೇಗ ಬಂದ್ಬಿಡ್ತೀನಿ."

"ಆಗಲಿ ಅಜ್ಜಿ," ಅಂದ ಮೊಟೊಜಿ. ಬೇರೇನು ಅನ್ನುವುದು?

"ಒಳಗೆ ಕರೆದೋರಿಗೆ ಮಾತ್ರ ಅಂತೆ. ನೀನು ಗೋಡೆ ಹೊರಗೆ ತಿರುವಲ್ಲೇ ನಿಲ್ಲಿಸ್ಕೊಂಡಿರು. ಮತ್ತೆ ಎಂಜಿನ್ ಆಫ್ ಮಾಡಬೇಡ, ನನಗೆ ಚಳಿ ಆಗುತ್ತೆ."