ಪ್ರಜೆಗಳಿಲ್ಲದ ಕಾನ್ಸಲ್ ದೊರೆ

ಕೆಲವರ ಜಾತಕವೇ ಹಾಗೆ ಮಾರಾಯ್ರೆ, ನೆಟ್ಟಗೆ ಮಾಡಲಿಕ್ಕೆ ಹೊರಟದ್ದೆಲ್ಲ ಅಡ್ಡ ಬೀಳ್ತದೆ. ನಮ್ಮ ಕಾನ್ಸಲ್ ದೊರೆ ಆ ಪೈಕಿ. ಅವರ ದುಭಾಷಿಯಾಗಿದ್ದ ನಾನು ಅವರಿಗಿಂತ ಒಂದು ಕೈ ಮೇಲೆ.

ಇಂಗ್ಲಿಷರ ಕಾಲ ಅದು. ಮಂಗಳೂರಿನ ಹಂಚು, ಕಾಫಿ ಕೊಳ್ಳಲಿಕ್ಕೆ ಯಾವ್ಯಾವುದೋ ದೇಶದ ಹಡಗುಗಳು ಬರ್ತಿದ್ದವು. ಯುರೋಪಿನ ಒಂದು ಸಣ್ಣ ರಾಜ್ಯ ಇಲ್ಲಿ ತನ್ನದೊಬ್ಬ ಕಾನ್ಸಲನ್ನು ಕೂರಿಸಿತ್ತು. ಅಂದರೆ ಆ ದೇಶದ ಜನ ಇಲ್ಲಿ ಕಷ್ಟಕ್ಕೆ ಸಿಕ್ಕಿದರೆ ಇವರು ನೋಡಿಕೊಳ್ಳಬೇಕು. ಸಿಕ್ಕಲಿಕ್ಕೆ ಜನ ಬರಬೇಕಲ್ಲ! ದೊರೆ ಬೆಳಿಗ್ಗೆ ಎದ್ದು ಬಾವುಟ ಏರಿಸ್ತಿದ್ದರು, ಸಂಜೆ ಇಳಿಸ್ತಿದ್ದರು. ನಡುವೆ ನಾವಿಬ್ಬರೂ ಆಕಳಿಸ್ತಿದ್ದೆವು.

ರಾಜನ ಹುಟ್ಟುಹಬ್ಬ

ಒಂದು ವರ್ಷ ಅವರ ರಾಜನ ಹುಟ್ಟುಹಬ್ಬಕ್ಕೆ ಊರಿನ ದೊಡ್ಡ ಮನುಷ್ಯರನ್ನೆಲ್ಲ ಊಟಕ್ಕೆ ಕರೆಯಬೇಕೆಂದು ದೊರೆಗೆ ಹುಕಿ ಬಂತು.

"ದೊರೆಗಳೇ, ಬರ್ತಾರೆ. ಆದರೆ ಉಣ್ಣುದಿಲ್ಲ" ಅಂದೆ.

"ಯಾಕೆ? ನನ್ನ ಅಡುಗೆಯವ ಚೆನ್ನಾಗಿ ಮಾಡ್ತಾನೆ."

"ಮಾಡ್ತಾನೆ. ಒಬ್ಬರಿಗೆ ಅವ ಮುಟ್ಟಿದ್ದು ಆಗುದಿಲ್ಲ. ಇನ್ನೊಬ್ಬರಿಗೆ ಅವ ಬೇಯಿಸಿದ ಪಾತ್ರೆ ಆಗುದಿಲ್ಲ. ಮತ್ತೊಬ್ಬರಿಗೆ ಪಕ್ಕದಲ್ಲಿ ಕೂತವರೇ ಆಗುದಿಲ್ಲ."

ಕೊನೆಗೆ ಎಲ್ಲರಿಗೂ ಆಗುವಂಥದ್ದು ಒಂದೇ ಉಳಿಯಿತು, ಬೊಂಡ. ಮರದಿಂದ ನೇರ ಕೆಳಗೆ ಬಂದ ಎಳನೀರಿಗೆ ಯಾವ ಮೈಲಿಗೆ? ಬಿಳಿ ಬಟ್ಟೆ ಹಾಸಿದ ಉದ್ದದ ಮೇಜು, ಪ್ರತಿಯೊಬ್ಬರ ಮುಂದೆ ಬೆಳ್ಳಿಯ ಚಮಚ, ಚೂರಿ, ತಟ್ಟೆ. ತಟ್ಟೆಯ ಮೇಲೆ ಒಂದೊಂದು ಬೊಂಡ. ಎಲ್ಲರೂ ಮನೆಯಲ್ಲಿ ಗಡದ್ದಾಗಿ ಉಂಡೇ ಬಂದಿದ್ದರು. ದೊರೆ ಎದ್ದು ರಾಜನ ಹೆಸರು ಹೇಳಿ ಗ್ಲಾಸು ಎತ್ತಿದರು. ಊರಿನ ಮಹನೀಯರೂ ಗಂಭೀರವಾಗಿ ಎದ್ದು ನಿಂತು ಎರಡೂ ಕೈಯಲ್ಲಿ ಬೊಂಡ ಎತ್ತಿದರು.

ಎಲ್ಲರೂ ಹೋದ ಮೇಲೆ ದೊರೆ ನನ್ನನ್ನು ಕರೆದರು. "ಭಟ್, ಬರೇ ನೀರು ಕುಡಿದು ಬದುಕುವ ಈ ಜನಕ್ಕೆ ಅಷ್ಟು ದೊಡ್ಡ ಹೊಟ್ಟೆ ಎಲ್ಲಿಂದ ಬಂತು?"

ಏಕೈಕ ಪ್ರಜೆ

ನಗುತ್ತಿದ್ದ ನಮಗೆ ಬೊಂಬಾಯಿಯಿಂದ ಸುದ್ದಿ ಬಂತು. ದೊರೆಯ ಮೇಲಿನ ದೊಡ್ಡ ಕಾನ್ಸಲ್ ಸ್ವತಃ ಬರುವವರಿದ್ದರು. ಜನವೇ ಇಲ್ಲದ ಊರಲ್ಲಿ ಕಚೇರಿ ಯಾಕೆ, ಮುಚ್ಚುವುದೋ ಇಡುವುದೋ ಅಂತ ನೋಡಲಿಕ್ಕೆ. ಮುಚ್ಚಿದರೆ ದೊರೆ ಊರಿಗೆ ಹೋಗಿ ಸುಖವಾಗಿರ್ತಾರೆ. ನಾನು ಕೊಟ್ಟಾರದ ನಮ್ಮ ಮನೆಗೆ ಹೋಗಿ ಅಣ್ಣನ ಕೈಕೆಳಗೆ ದೇವಸ್ಥಾನದಲ್ಲಿ ಗಂಧ ತೇಯಬೇಕು. ಅಣ್ಣ ಆಗಲೇ ಕಲ್ಲು ತೊಳೆದಿಟ್ಟು ಕಾಯ್ತಾ ಇದ್ದ.

ಅಷ್ಟರಲ್ಲಿ ಬಂದರಿನಲ್ಲಿ ಆ ದೇಶದ ನಾವಿಕನೊಬ್ಬ ಕಾಣಸಿಕ್ಕಿದ. ದೊರೆ ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ. ಬಂಗಲೆಗೆ ಕರೆತಂದು ಕೂರಿಸಿ, "ಹೇಳಪ್ಪ, ನಿನಗೆ ಎಂತ ಕಷ್ಟ?" ಅಂತ ಕೇಳಿದರು.

"ಏನೂ ಇಲ್ಲ."

"ಯಾರಾದರೂ ಹೊಡೆದರಾ?"

"ಇಲ್ಲಪ್ಪ, ಒಳ್ಳೆಯ ಜನ. ಮೀನು ಕೊಟ್ಟರು."

"ಹೊಟ್ಟೆನೋವು? ಏನಾದರೂ ಕಳೆದುಹೋಗಿದೆಯಾ? ನಿಧಾನವಾಗಿ ಯೋಚಿಸು."

ಅವ ಪಾಪ, ಜೇಬೆಲ್ಲ ತಡವಿ ನೋಡಿ ಎಲ್ಲ ಸರಿಯಾಗಿ ಉಂಟು ಅಂದ. ದೊರೆಯ ಮುಖ ಬಾಡಿಹೋಯಿತು. ಆ ನಾವಿಕ ಹೊರಡುವವರೆಗೂ ಅವನ ಟೋಪಿಯನ್ನು ಅವರು ಆಸೆಗಣ್ಣಿನಿಂದ ನೋಡ್ತಾನೇ ಇದ್ದರು. ನಾನೇ ಅದನ್ನು ಎತ್ತಿ ಅವನ ಕೈಗೆ ಕೊಟ್ಟು ಬೇಗ ಕಳಿಸಿಬಿಟ್ಟೆ.

ದೊಡ್ಡ ಕಾನ್ಸಲ್ ದಡಕ್ಕೆ ಬಂದದ್ದು

ಮಳೆ ಬಿಟ್ಟ ಮೇಲೆ ದೊಡ್ಡ ಕಾನ್ಸಲ್ ಬಂದೇ ಬಂದರು. ಆಗ ಹಡಗು ದೂರ ಸಮುದ್ರದಲ್ಲೇ ನಿಲ್ಲುತ್ತಿತ್ತು. ಅಲ್ಲಿಂದ ಸಣ್ಣ ದೋಣಿಯಲ್ಲಿ ದಡಕ್ಕೆ ಬರಬೇಕು. ಹಡಗಿಗೆ ಕಾಣಲಿ ಅಂತ ದೊರೆ ಬಂದರಿನ ಎದುರಿನ ಬೆಂಗ್ರೆಯ ಮರಳಿನಲ್ಲಿ ಉದ್ದದ ಕಂಬ ನೆಡಿಸಿ ಬಾವುಟ ಕಟ್ಟಿಸಿದ್ದರು. ದೊಡ್ಡವರು ಕಂಡ ಕೂಡಲೇ ಬಾವುಟವನ್ನು ಅರ್ಧ ಇಳಿಸಿ ಮತ್ತೆ ಏರಿಸುವುದು ಅವರಲ್ಲಿ ಮರ್ಯಾದೆಯ ಕ್ರಮ. ಹಗ್ಗ ನನ್ನ ಕೈಯಲ್ಲಿ.

ದೋಣಿ ಕಂಡಿತು. ಇಳಿಸಿದೆ, ಏರಿಸಿದೆ.

"ಇನ್ನೊಮ್ಮೆ! ಜೋರಾಗಿ!" ಅಂತ ದೊರೆ ಕುಣಿದರು. ಕೆಲಸ ಉಳಿಯುವ ಆಸೆಯಲ್ಲಿ ನಾನು ಬಾವಿಯಿಂದ ನೀರು ಸೇದಿದ ಹಾಗೆ ಸೇದಿದೆ.

ಅದೇ ದಡದಲ್ಲಿ ಸ್ವಲ್ಪ ಆಚೆ ಮೀನುಗಾರರು ದಡದಿಂದಲೇ ಎಳೆಯುವ ಉದ್ದದ ರಂಪಣಿ ಬಲೆ ಸಿದ್ಧಮಾಡಿ ಕಾಯ್ತಾ ಇದ್ದರು. ಎತ್ತರದಲ್ಲಿ ನಿಂತ ಕಾವಲಿನವ ಹೆಗಲ ಮೇಲಿನ ಬೈರಾಸು ಬೀಸಿದರೆ ಬಂಗುಡೆ ಮೀನಿನ ಹಿಂಡು ಬಂತು ಅಂತ ಅವರಲ್ಲಿ ಲೆಕ್ಕ. ಪೂಜೆಯ ಮನೆಯಲ್ಲಿ ಹುಟ್ಟಿದ ನನಗೆ ಅದೆಲ್ಲ ಎಲ್ಲಿ ಗೊತ್ತು? ಬೈರಾಸಿಗಿಂತ ದೊಡ್ಡ ಬಟ್ಟೆ ಈ ನಮೂನೆ ಆಡುವುದನ್ನು ಕಂಡವರು, ಊರು ತುಂಬುವಷ್ಟು ಮೀನು ಬಂದಿರಬೇಕೆಂದು ಓ ಅಂತ ಕೂಗಿ ದೋಣಿ ನೂಕಿಯೇಬಿಟ್ಟರು. ಕೇಳ್ತಾ ನಿಂತರೆ ಮೀನು ಕಾಯ್ತದಾ?

ನೋಡ್ತಾ ಇದ್ದ ಹಾಗೆ ದೊಡ್ಡ ಕಾನ್ಸಲರ ದೋಣಿಯ ಸುತ್ತ ಬಲೆ ಬಿತ್ತು. ಎರಡೂ ತುದಿಯ ಹಗ್ಗ ದಡಕ್ಕೆ ಬಂತು. ಬೆಂಗ್ರೆಯ ಗಂಡಸರು, ಹೆಂಗಸರು ಎಲ್ಲ ಸೇರಿ "ಐಸಾ, ಐಸಾ" ಅಂತ ಎಳೆದರು. ಬಲೆಯ ಒಳಗೆ, ದೋಣಿಯಲ್ಲಿ ಎದ್ದು ನಿಂತ ದೊಡ್ಡ ಕಾನ್ಸಲ್ ಟೋಪಿ ತೆಗೆದು ಎಡಕ್ಕೂ ಬಲಕ್ಕೂ ತಲೆಬಾಗಿಸುತ್ತಾ ಬರ್ತಾ ಇದ್ದರು. ನಮ್ಮ ದೊರೆ ಮರಳಿನ ಮೇಲೆ ಕುಕ್ಕರಿಸಿಬಿಟ್ಟರು. ನಾನು ಮನಸ್ಸಿನಲ್ಲೇ ಗಂಧ ತೇಯಲಿಕ್ಕೆ ಸುರು ಮಾಡಿದೆ.

ಬಲೆ ದಡಕ್ಕೆ ಬಂತು. ಬೆವರು ಒರೆಸಿಕೊಳ್ಳುತ್ತಾ ಮೀನುಗಾರರ ಮುಖಂಡರಾದ ಗುರಿಕಾರರು ಒಳಗೆ ಇಣುಕಿದರು. ಮೀನಿನ ಒಂದು ಹುರುಪೆಯೂ ಇಲ್ಲ.

"ಎಂತ ಭಟ್ರೆ, ಇಷ್ಟು ಜನ ಎಳೆದದ್ದಕ್ಕೆ ಇದೊಂದಾ? ಇದು ತಿನ್ನಲಿಕ್ಕೂ ಆಗುದಿಲ್ಲ, ಮಾರಲಿಕ್ಕೂ ಆಗುದಿಲ್ಲ. ನೀವೇ ಕೊಂಡುಹೋಗಿ!"

"ಏನು ಹೇಳ್ತಾರೆ?" ದೊಡ್ಡ ಕಾನ್ಸಲ್ ಕೇಳಿದರು.

"ಸ್ವಾಮೀ, ನಿಮ್ಮನ್ನು ಗೌರವದಿಂದ ನಮ್ಮ ಕೈಗೆ ಒಪ್ಪಿಸ್ತಾ ಇದ್ದಾರೆ" ಅಂದೆ.

ಅವರ ಕಣ್ಣು ತುಂಬಿ ಬಂತು. ನಮ್ಮ ದೊರೆಯ ಭುಜ ಹಿಡಿದು, "ಬೇರೆ ಊರಲ್ಲಿ ಹಾರ ಹಾಕ್ತಾರೆ. ಇಲ್ಲಿ ಊರಿಗೆ ಊರೇ ಹಗ್ಗ ಹಿಡಿದು ನನ್ನನ್ನು ದಡಕ್ಕೆ ತಂದಿತು. ಇಂಥ ಕಡೆ ಕಚೇರಿ ಮುಚ್ಚುವುದುಂಟೇ? ನಾನು ಪ್ರತಿ ವರ್ಷ ಹೀಗೇ ಬರ್ತೇನೆ ಅಂತ ಆ ಹಿರಿಯರಿಗೆ ಹೇಳಿ" ಅಂದರು.

ಕೆಲಸ ಉಳಿದ ಖುಷಿಯಲ್ಲಿ ನನಗೆ ಕುಣಿಯುವ ಹಾಗಾಯಿತು. ಓಡಿಹೋಗಿ ಗುರಿಕಾರರಿಗೆ ಹೇಳಿದೆ.

ಖಾಲಿ ಬಲೆ ಕೊಡವುತ್ತಾ ಅವರು ದೊಡ್ಡ ಕಾನ್ಸಲರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. "ಬರಲಿ, ಬೇಡ ಅಂದವರು ಯಾರು? ಆದರೆ ಬರುವಾಗ ನಾಲ್ಕು ಬಂಗುಡೆಯನ್ನಾದರೂ ಒಟ್ಟಿಗೆ ಕರ್ಕೊಂಡು ಬರಲಿಕ್ಕೆ ಹೇಳಿ!"