ಗೃಹಪ್ರವೇಶದ ದಿನ ಕೇಳಿದ ನನ್ನ ಸ್ಲೈಡ್ ಗಿಟಾರ್

ಚಿಂತಾಮಣಿಯಲ್ಲಿ ನಾನು ಪ್ರೌಢಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರು. ಸಂಗೀತಕ್ಕೂ ನನಗೂ ಇದ್ದ ಸಂಬಂಧ, ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳ ಹಿಂದೆ ನಿಂತು ತುಟಿ ಅಲ್ಲಾಡಿಸುವಷ್ಟಕ್ಕೇ ಮುಗಿದಿತ್ತು. ಹೀಗಿದ್ದವನು ಕಳೆದ ಬೇಸಿಗೆ ರಜೆಯಲ್ಲಿ ಸ್ಲೈಡ್ ಗಿಟಾರ್ ಕಲಿಯಲು ಹೊರಟೆ. ಅದರಲ್ಲೂ ಬ್ಲೂಸ್.

ಗಿಟಾರ್ ಮಗಳದು. ಹಠ ಹಿಡಿದು ಕೊಡಿಸಿಕೊಂಡು, ಬೆರಳು ಉರಿಯುತ್ತದೆಂದು ಬಿಟ್ಟು, ಹಾಸ್ಟೆಲ್ಲಿಗೆ ಹೋಗಿದ್ದಳು. ಗೋಡೆಯ ಮೊಳೆಗೆ ನೇತುಬಿದ್ದಿದ್ದ ಅದನ್ನು ಇಳಿಸಿ ನಾನು ನುಡಿಸಿದೆ. ಅವಳು ಹೇಳಿದ್ದು ನಿಜ, ಬೆರಳು ಉರಿಯಿತು. ಆದರೆ ಮೊಬೈಲಿನಲ್ಲಿ ಹುಡುಕಿದಾಗ ಒಬ್ಬ ಗಡ್ಡದ ಮನುಷ್ಯ ಸಿಕ್ಕಿದ. ಬೆರಳಿಗೆ ಒಂದು ಕೊಳವೆ ತೊಟ್ಟು ತಂತಿಗಳ ಮೇಲೆ ಸುಮ್ಮನೆ ಅತ್ತಿಂದಿತ್ತ ಜಾರಿಸುತ್ತಿದ್ದ. ತಂತಿ ಒತ್ತುವ ಗೋಜೇ ಇಲ್ಲ. ಜಾರುವುದು ತಾನೇ, ಅದಕ್ಕೇನು ವಿದ್ಯೆ ಬೇಕು ಎಂದುಕೊಂಡೆ. ಒಂದು ಹಾಡು ರೆಕಾರ್ಡ್ ಮಾಡಿ ಕಳಿಸುತ್ತೇನೆ ನೋಡು ಎಂದು ಮಗಳಿಗೆ ಫೋನಿನಲ್ಲಿ ಸವಾಲು ಹಾಕಿದೆ. ಅವಳು ನಕ್ಕ ರೀತಿ ನನಗೆ ಹಿಡಿಸಲಿಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ಪರದೆ ಹಾಕುವ ಸ್ಟೀಲ್ ಕೊಳವೆಯ ಒಂದು ತುಂಡು ಕತ್ತರಿಸಿಕೊಂಡು ಬಂದೆ. ಕಿರುಬೆರಳಿಗೆ ಸಡಿಲ, ಉಂಗುರದ ಬೆರಳಿಗೆ ಬಿಗಿ. ಬಿಗಿಯೇ ಒಳ್ಳೆಯದೆಂದು ತೂರಿಸಿದೆ. ಹೊರಗೆ ಬರಲಿಲ್ಲ. ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದ ಮೇಲೆ ಹೆಂಡತಿ ಸುಮಾಳಿಗೆ ತೋರಿಸಿದೆ. ಅವಳು ತಾಲ್ಲೂಕು ಕಚೇರಿಯ ಗುಮಾಸ್ತೆ, ಎಂಥ ಅರ್ಜಿ ಬಂದರೂ ಮುಖದಲ್ಲಿ ಏನೂ ತೋರಿಸುವವಳಲ್ಲ. ಹರಳೆಣ್ಣೆ ಸುರಿದು, ನನ್ನ ಮೊಣಕೈಯನ್ನು ಕಂಕುಳಲ್ಲಿ ಅವುಚಿ, ಗಾಣದಂತೆ ತಿರುಗಿಸಿ ಕೊಳವೆ ಕಿತ್ತಳು. ಜೊತೆಯಲ್ಲಿ ಒಂದಷ್ಟು ಚರ್ಮವೂ ಬಂತು. ಮಾರನೆಯ ದಿನ ಸ್ವಲ್ಪ ಅಗಲವಾದ ಇನ್ನೊಂದು ತುಂಡು ತಂದೆ.

ಈ ಬ್ಲೂಸ್ ಎಂಬುದು ದುಃಖದ ಸಂಗೀತ. ಎದೆಯಲ್ಲಿ ನೋವಿದ್ದರೆ ಮಾತ್ರ ತಂತಿಯಲ್ಲಿ ಬರುತ್ತದೆಂದು ಗಡ್ಡದವನು ಹೇಳುತ್ತಿದ್ದ. ನಾನು ಗಂಭೀರವಾಗಿ ನನ್ನ ಬದುಕಿನಲ್ಲಿ ದುಃಖ ಹುಡುಕಿದೆ. ಸಂಬಳ ಸರಿಯಾಗಿ ಬರುತ್ತಿತ್ತು, ಆರೋಗ್ಯ ಚೆನ್ನಾಗಿತ್ತು. ಈ ಕೊರತೆಯನ್ನು ಸುಮಾಳ ಹತ್ತಿರ ತೋಡಿಕೊಂಡೆ.

"ನೀವ್ಯಾಕೆ ಹುಡುಕ್ತೀರ? ಕೇಳ್ತಿರೋ ನಮಗೆ ಬೇಕಾದಷ್ಟಿದೆ" ಎಂದಳು.

ಕಲಿತದ್ದು ಸಾಕೆನಿಸಿದ ಮೇಲೆ ರೆಕಾರ್ಡಿಂಗಿಗೆ ಕೂತೆ. ಮಲಗುವ ಕೋಣೆಯ ಕಿಟಕಿಗೆ ಹಾಸಿಗೆ ಆನಿಸಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಫ್ಯಾನ್ ಆರಿಸಿ, ಮೊಬೈಲನ್ನು ಅಕ್ಕಿ ಡಬ್ಬದ ಮೇಲೆ ನಿಲ್ಲಿಸಿದೆ. ಬೆವರಿನಲ್ಲಿ ಕೊಳವೆ ತಾನಾಗಿಯೇ ಜಾರುತ್ತಿತ್ತು. ಇಷ್ಟಾದರೂ ಒಮ್ಮೆ ತರಕಾರಿ ಗಾಡಿಯ ಮೈಕು ಒಳಗೆ ನುಗ್ಗಿತು, ಒಮ್ಮೆ ಕುಕ್ಕರ್ ಕೂಗಿತು. ಕುಕ್ಕರ್ ಕೂಗಿದ್ದು ಸರಿಯಾದ ಶ್ರುತಿಯಲ್ಲಿತ್ತೆಂದು ಸುಮಾಳ ಅಭಿಪ್ರಾಯ.

ಬೀದಿ ನಿಶ್ಶಬ್ದವಾಗಿರುವ ಒಂದು ಬೆಳಗಿನ ಜಾವಕ್ಕಾಗಿ ಕಾದೆ. ಅದು ಸಿಕ್ಕಿದ್ದು ಪಕ್ಕದ ವೆಂಕಟರವಣಪ್ಪನ ಗೃಹಪ್ರವೇಶದ ದಿನ.

ವೆಂಕಟರವಣಪ್ಪ ಮುರುಗಮಲ್ಲದ ಕಡೆ ಬಸ್ ಓಡಿಸುವ ಡ್ರೈವರ್. ಸಂಭಾವಿತ ಎಂಬ ಮಾತಿಗೆ ನಮ್ಮ ಬೀದಿಯಲ್ಲಿ ಅವನನ್ನೇ ತೋರಿಸಬೇಕು. ವರ್ಷಗಟ್ಟಲೆ ಬಾಡಿಗೆ ಮನೆಗಳಲ್ಲಿದ್ದು, ಒಂದೊಂದೇ ಗೋಡೆ ಎಬ್ಬಿಸಿ ಕಟ್ಟಿದ ಮನೆ ಅದು. ಮುಹೂರ್ತಗಳು ಜಾಸ್ತಿಯಿದ್ದ ಕಾಲ, ವಾಲಗದವರು ಕೊನೆ ಗಳಿಗೆಯಲ್ಲಿ ಕೈಕೊಟ್ಟಿದ್ದರು. ಮೊಬೈಲಿನಿಂದಲೇ ನಾಗಸ್ವರ ಹಾಕಿಕೊಳ್ಳುತ್ತೇವೆಂದು ಹಿಂದಿನ ಸಂಜೆ ನನ್ನ ಬ್ಲೂಟೂತ್ ಸ್ಪೀಕರ್ ಕೇಳಿ ಒಯ್ದಿದ್ದ.

ಬೀದಿಯವರೆಲ್ಲ ಅಲ್ಲಿಗೆ ಹೋದರು. ಸುಮಾಳೂ ಹೊರಟಳು. ಐದೇ ನಿಮಿಷದಲ್ಲಿ ಬರುತ್ತೇನೆಂದು ಹೇಳಿ ನಾನು ಕಂಬಳಿಯ ಹಿಂದೆ ಸೇರಿಕೊಂಡೆ. ಆ ದಿನ ನುಡಿಸಿದ್ದು ನನಗೇ ಆಶ್ಚರ್ಯವಾಗುವಷ್ಟು ಚೆನ್ನಾಗಿ ಬಂತು. ಕೇಳೋಣವೆಂದು ಮೊಬೈಲ್ ಒತ್ತಿದೆ. ಶಬ್ದವಿಲ್ಲ. ವಾಲ್ಯೂಮ್ ಏರಿಸಿದೆ, ಶಬ್ದವಿಲ್ಲ. ಪೂರ್ತಿ ಏರಿಸಿ ಮೊದಲಿನಿಂದ ಹಾಕಿದೆ. ಆಗಲೂ ಇಲ್ಲ. ರೆಕಾರ್ಡೇ ಆಗಿಲ್ಲವೆಂದು ಬೇಸರದಿಂದ, ಮೊಬೈಲ್ ಹಿಡಿದುಕೊಂಡೇ ಪಕ್ಕದ ಮನೆಗೆ ಹೊರಟೆ.

ಗೇಟಿನಲ್ಲೇ ಎದುರಾದದ್ದು ಹಸು. ಹಣೆಗೆ ಅರಿಶಿನ ಕುಂಕುಮ, ಕೊರಳಲ್ಲಿ ಹೂವಿನ ಹಾರ. ಮನೆಯೊಳಗೆ ಬಲಗಾಲಿಡಬೇಕಾದ ಆ ಗೋಮಾತೆ ನಾಲ್ಕೂ ಕಾಲೆತ್ತಿ ಹೊರಗೆ ಓಡಿಬರುತ್ತಿತ್ತು. ಹಿಂದೆ ಕರು, ಅದರ ಹಿಂದೆ ಹಸುವಿನ ಯಜಮಾನ. ಒಳಗಿನಿಂದ ಯಾರೋ ಹೊಟ್ಟೆ ಹಿಡಿದು ಗೋಳಾಡುವ ಸದ್ದು. ಪುರೋಹಿತರು ಅದನ್ನು ಮೀರಿಸಲು ಗಂಟಲು ಹರಿಯುವಂತೆ ಮಂತ್ರ ಹೇಳುತ್ತಿದ್ದರು. ವೆಂಕಟರವಣಪ್ಪನ ಮುದಿ ತಾಯಿ ನಡುಮನೆಯಲ್ಲಿ ಕೂತು, ಅಳುತ್ತಿರುವುದು ಯಾರೆಂದು ತೆಲುಗಿನಲ್ಲಿ ಎಲ್ಲರನ್ನೂ ಕೇಳುತ್ತಿದ್ದಳು. "ಎವರ್ರಾ ಏಡ್ಚೇದಿ?"

ಅಳುತ್ತಿದ್ದುದು ನಾನು. ನಾಗಸ್ವರ ಹಾಕಿದ್ದವನು ಮೊಬೈಲ್ ಜೇಬಿನಲ್ಲಿಟ್ಟುಕೊಂಡು ಬಾಳೆಯೆಲೆ ತರಲು ಹೋಗಿದ್ದ. ಅವನು ದೂರವಾದ ಕೂಡಲೇ ಸ್ಪೀಕರ್ ತನ್ನ ಹಳೆಯ ಯಜಮಾನನ ಮೊಬೈಲಿಗೆ ಅಂಟಿಕೊಂಡಿತ್ತು. ನಾನು ಕೈಯಲ್ಲಿದ್ದ ಮೊಬೈಲ್ ಒತ್ತಿದೆ, ಗೋಳಾಟ ನಿಂತಿತು. ಸುಮಾ ಮಾತ್ರ ನನ್ನ ಕೈಯನ್ನು ನೋಡಿದಳು.

ಸಂಜೆ ವೆಂಕಟರವಣಪ್ಪ ಸ್ಪೀಕರನ್ನು ಹೊಸ ಟವೆಲಿನಲ್ಲಿ ಸುತ್ತಿಕೊಂಡು ಬಂದ. ತನ್ನ ಕೈಯಲ್ಲಿ ಕೆಟ್ಟುಹೋಯಿತೆಂದು ಸಂಕೋಚದಿಂದ ಕುಗ್ಗಿಹೋಗಿದ್ದ. ಹಳೆಯದು, ಆಗಾಗ ಹಾಗೆ ಅರಚುತ್ತದೆ, ಬಿಡಿ ಎಂದೆ. ನನ್ನ ಸಂಗೀತವನ್ನು ಹೀಗೆ ನಾನೇ ಕೈಬಿಟ್ಟೆ. ಆದರೂ ಅವನು ಬಿಡದೆ ಸ್ಪೀಕರನ್ನು ರಿಪೇರಿಗೆ ಒಯ್ದ. ಏನೂ ಕೆಟ್ಟಿಲ್ಲವೆಂದು ಅಂಗಡಿಯವನು ಹೇಳಿದ ಮೇಲೆ ಅಸಲು ತೊಂದರೆ ಶುರುವಾಯಿತು. ಯಂತ್ರ ಸರಿಯಿದ್ದರೆ ಅತ್ತದ್ದು ಯಾರು? ಹಸು ಓಡಿದ್ದು ಯಾಕೆ? ಹೊಸ ಮನೆಯಲ್ಲಿ ಏನೋ ಇದೆಯೆಂದು ಅವನ ತಾಯಿ ಊಟ ಬಿಟ್ಟು, ಜಗುಲಿಯಲ್ಲೇ ಮಲಗತೊಡಗಿದಳು. ಶಾಂತಿ ಹೋಮಕ್ಕೆ ದಿನ ಕೇಳಲು ಅವನು ಹೊರಟಿದ್ದಾನೆಂದು ಸುಮಾ ಸುದ್ದಿ ತಂದಳು.

"ನೀವು ಹೇಳ್ತೀರೋ, ನಾನು ಹೇಳ್ಲೋ?"

ಹೋಗಿ ಹೇಳಿದೆ. ಬ್ಲೂಟೂತು, ಕೊಳವೆ, ಬ್ಲೂಸು, ಒಂದನ್ನೂ ಬಿಡದೆ ತಲೆತಗ್ಗಿಸಿ ಹೇಳಿದೆ. ವೆಂಕಟರವಣಪ್ಪ ಪೂರ್ತಿ ಕೇಳಿಸಿಕೊಂಡ. ಅವನ ಕಣ್ಣು ಒದ್ದೆಯಾಯಿತು.

"ನಮ್ಮಮ್ಮನಿಗೋಸ್ಕರ ತಪ್ಪು ನಿಮ್ಮ ಮೇಲೆ ಹಾಕ್ಕೊಂತಿದ್ದೀರ ಮೇಷ್ಟ್ರೇ. ಅದು ಮನುಷ್ರು ಬಾರಿಸೋ ಸದ್ದಲ್ಲ."

ಬೇರೆ ದಾರಿಯಿರಲಿಲ್ಲ. ಮನೆಗೆ ಹೋಗಿ ಗಿಟಾರ್ ತಂದು ಅವರ ಜಗುಲಿಯ ಮೇಲೆ ಕೂತೆ. ಮುದುಕಿಯ ಭಯ ಹೋಗಬೇಕು, ಜೊತೆಗೆ ನನ್ನ ಮಾನವೂ ಒಂದಿಷ್ಟು ಉಳಿಯಬೇಕು ಎಂದು ಕಣ್ಣು ಮುಚ್ಚಿ ಇದ್ದಬದ್ದ ಕಲೆಯನ್ನೆಲ್ಲ ಸುರಿದು ನುಡಿಸಿದೆ. ಅಷ್ಟು ಚೆನ್ನಾಗಿ ಎಂದೂ ನುಡಿಸಿರಲಿಲ್ಲ. ಮುದುಕಿ ಮೊದಲು ಬೆಚ್ಚಿದಳು, ಆಮೇಲೆ ನನ್ನ ಬೆರಳನ್ನೇ ನೋಡಿದಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ನಕ್ಕು ಸುಸ್ತಾಗಿ, ಹಸಿವಾಗುತ್ತಿದೆ, ಮುದ್ದೆಯಿಡೆಂದು ಸೊಸೆಯನ್ನು ಕೂಗಿ, ಎದ್ದು ಮನೆಯೊಳಗೆ ಹೋದಳು. ಹೋಮ ನಿಂತಿತು.

ವೆಂಕಟರವಣಪ್ಪ ನನ್ನನ್ನು ಗೇಟಿನವರೆಗೂ ಬಿಡಲು ಬಂದು, ಎರಡೂ ಕೈ ಹಿಡಿದುಕೊಂಡ.

"ಮೇಷ್ಟ್ರೇ, ಒಬ್ಬ ಮುದುಕಿ ಸಮಾಧಾನಕ್ಕೆ ಅಂತ ನಾಲ್ಕು ಜನರ ಮುಂದೆ ಅಷ್ಟು ಕೆಟ್ಟದಾಗಿ ಬಾರಿಸಿದ್ರಲ್ಲ. ಬೇರೆ ಯಾರು ಮಾಡ್ತಾರೆ ಹೇಳಿ?"

ಯಾರೂ ಮಾಡುವುದಿಲ್ಲ ಎಂದು ಒಪ್ಪಿಕೊಂಡು ಮನೆಗೆ ಬಂದೆ.